ವಾಂಡಾ ಜಾಕ್ಸನ್ ಅಂದ್ರೆ ಯಾರು? ರಾಕಬಿಲಿ ಅಂದ್ರೆ ಏನು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ

ಶಿರಾಗೇಟ್ ಹುಡುಗಿ:

ಎಲ್ರಿಗೂ ನಮಸ್ಕಾರ. ನಾನು ತುಮಕೂರಿನೋಳು, ಬಿಕಾಂ ಮುಗ್ಸಿ ಒಂದು ವರ್ಷ ಆಯ್ತು, ಹಗಲೊತ್ತು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ಎಂಟ್ರಿ ಹೊಡೀತೀನಿ, ಸೀಸನ್ ಬಂತು ಅಂದ್ರೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತೀನಿ, ಹಾಡ್ತೀನಿ ಕೂಡ. ಗಣೇಶ, ರಾಜ್ಯೋತ್ಸವ, ಊರಹಬ್ಬ, ಒಂದೊಂದ್ಸಲ ಮದುವೆ ರಿಸೆಪ್ಷನ್ನು. ಹೋದ ವಾರ ರಾತ್ರಿ ಯೂಟ್ಯೂಬಲ್ಲಿ ಗಿಟಾರ್ ಪಾಠ ನೋಡ್ತಾ ಮಲಗಿದ್ದೆ, ಅದು ಮುಗಿದು ತಾನಾಗೇ ಯಾವುದೋ ಹಳೇ ಕಪ್ಪು ಬಿಳುಪು ವಿಡಿಯೋ ಶುರುವಾಯ್ತು. ಒಬ್ಳು ಹುಡುಗಿ, ತಲೆ ತುಂಬ ಕಪ್ಪು ಕೂದಲು, ಕಿವೀಲಿ ಭುಜದ ತನಕ ಜೋತಾಡೋ ಲೋಲಾಕು, ಬಟ್ಟೆ ತುಂಬ ಜಾಲರಿ, ಕೈಯಲ್ಲಿ ದೊಡ್ಡ ಅಕೌಸ್ಟಿಕ್ ಗಿಟಾರ್. ನೋಡಿದ್ರೆ ಪಾಪದೋಳ ಥರ ನಗ್ತಾ ನಿಂತಿದ್ದಾಳೆ. ಬಾಯಿ ತೆಗೆದ್ಲು ನೋಡಿ, ಗಂಟಲಲ್ಲಿ ಮರಳು ಕಾಗದ ಉಜ್ಜಿದಂಗೆ ಒಂದು ಗುರ್ ಅನ್ನೋ ಸದ್ದು, ನಾನು ಎದ್ದು ಕೂತ್ಕೊಂಡೆ. ಕೆಳಗಡೆ ವಾಂಡಾ ಜಾಕ್ಸನ್, ರಾಕಬಿಲಿ, 1958 ಅಂತ ಬರೆದಿತ್ತು.

ಈಯಮ್ಮ ಯಾರು, ಆ ಕಾಲದಲ್ಲಿ ಹೆಣ್ಣುಮಗಳು ಹಿಂಗೆ ಹಾಡೋಕೆ ಮನೇಲಿ ಹೆಂಗೆ ಬಿಟ್ರು, ಆಮೇಲೆ ಏನಾದ್ರು, ಅದು ಬೇಕು ನಂಗೆ. ಯಾಕೆ ಅಂದ್ರೆ ಹೋದ ಗಣೇಶದಲ್ಲಿ ಒಂದೂರಿಗೆ ಹೋಗಿದ್ವಿ, ಊರ ಹೆಸರು ಬೇಡ, ಸೌಂಡ್ ಚೆಕ್ ಆಗೋ ಹೊತ್ತಿಗೆ ಕಮಿಟಿ ಕಡೆಯೋರೊಬ್ರು ಬಂದು ನಮ್ಮ ಆರ್ಗನೈಸರ್ ಕಿವೀಲಿ ಏನೋ ಅಂದ್ರು. ಹುಡುಗಿ ಹಾಡ್ಲಿ, ಚೆನ್ನಾಗ್ ಹಾಡ್ತಾಳೆ, ಗಿಟಾರ್ ಮಾತ್ರ ಹುಡುಗರ ಕೈಗೆ ಕೊಟ್ಟು ಸೀರೆ ಉಟ್ಕೊಂಡು ಬರ್ಲಿ ಅಂತ. ಅವತ್ತು ರಾತ್ರಿಯೆಲ್ಲ ನನ್ನ ಗಿಟಾರ್ ಸ್ಪೀಕರ್ ಬಾಕ್ಸ್ ಮೇಲೆ ಅಂಗಾತ ಮಲಗಿತ್ತು, ಯಾರೋ ಅದರ ಮೇಲೆ ನೀರಿನ ಬಾಟ್ಲು ಬೇರೆ ಇಟ್ಟಿದ್ರು. ನಮ್ಮಮ್ಮ ಮನೇಲೇ ಬ್ಲೌಸ್ ಹೊಲೀತಾರೆ, ಅವರಿಗೆ ಹೇಳಿದ್ರೆ 'ಅವರು ಹೇಳಿದ್ರಲ್ಲಿ ತಪ್ಪೇನೈತೆ' ಅಂದ್ರು. ಅಪ್ಪ ಏನೂ ಅನ್ನಲಿಲ್ಲ, ಅವರು ಯಾವತ್ತೂ ಏನೂ ಅನ್ನಲ್ಲ.

ಚಿಂತಾಮಣಿ ಚಿತ್ರಾನ್ನ:

ಅಮೆರಿಕದ ರಾಕ್ ಸ್ಟಾರ್ ಎಲ್ವಿಸ್ ಪ್ರೀಸ್ಲಿ ಗರ್ಲ್‌ಫ್ರೆಂಡು ಕಣಮ್ಮ. ಅವನಿಂದ ಫೇಮಸ್ ಆದ್ಲು. ರಾಕಬಿಲಿ ಅಂದ್ರೆ ಹಳೇ ರಾಕು. ಅಷ್ಟೇ ಮ್ಯಾಟ್ರು.

ನಿಟ್ಟೂರು ಮೇಷ್ಟ್ರು:

ಚಿಂತಾಮಣಿಯೋರೇ, ಹಂಗೆ ಒಂದೇ ಏಟಿಗೆ ಮುಗಿಸ್ಬಿಟ್ರೆ ಹೆಂಗೆ ಸ್ವಾಮಿ. ಇಸವಿ ಹಿಡ್ಕೊಂಡು ಲೆಕ್ಕ ಹಾಕಿ. ಈಯಮ್ಮ ಎಲ್ವಿಸ್ ಜೊತೆ ಟೂರ್ ಹೋಗಿದ್ದು 1955ರಲ್ಲಿ, ಹೈಸ್ಕೂಲ್ ಮುಗಿದ ಮೇಲೆ. ಅದಕ್ಕೆ ಒಂದು ವರ್ಷ ಮುಂಚೆನೇ, ಇನ್ನೂ ಸ್ಕೂಲಿಗೆ ಹೋಗ್ತಿದ್ದಾಗ, ಬಿಲ್ಲಿ ಗ್ರೇ ಅನ್ನೋರ ಜೊತೆ ಹಾಡಿದ್ದ ಯುಗಳಗೀತೆ ಅಮೆರಿಕದ ಕಂಟ್ರಿ ಹಾಡುಗಳ (ಅಲ್ಲಿನ ಹಳ್ಳಿ ಕಡೆಯ ಶೈಲಿ) ಜನಪ್ರಿಯತೆ ಪಟ್ಟೀಲಿ 8ನೇ ಜಾಗ ಹಿಡಿದಿತ್ತು. ಎಲ್ವಿಸ್‌ಗೆ ಆಗ ಇನ್ನೂ ದೇಶಾದ್ಯಂತ ಹೆಸರಿರಲಿಲ್ಲ.

ಮೊದಲಿಂದ ಹೇಳ್ತೀನಿ ಮಗಳೇ. ಹುಟ್ಟಿದ್ದು 1937ರ ಅಕ್ಟೋಬರ್ 20, ಓಕ್ಲಹೋಮ ರಾಜ್ಯದ ಮಾಡ್ ಅನ್ನೋ ಸಣ್ಣ ಊರು. ಅಪ್ಪ ಟಾಮ್ ಜಾಕ್ಸನ್, ತಾನೂ ಹಾಡೋನು, ನುಡಿಸೋನು, ಆದರೆ ಅದರಲ್ಲಿ ಹೊಟ್ಟೆ ತುಂಬಲಿಲ್ಲ. ಬರಗಾಲದ ಸೀಮೆ ಅದು, ನಮ್ಮ ಪಾವಗಡ ಮಧುಗಿರಿ ಕಡೆಯೋರು ಗಂಟುಮೂಟೆ ಕಟ್ಕೊಂಡು ಬೆಂಗಳೂರಿಗೆ ಹೋದಂಗೆ ಇವರು ಕ್ಯಾಲಿಫೋರ್ನಿಯಾಗೆ ಹೋದ್ರು. ಅಲ್ಲಿ ಮಗಳ ಕೈಗೆ ಗಿಟಾರ್ ಕೊಟ್ಟು ಬೆರಳು ಎಲ್ಲೆಲ್ಲಿ ಇಡಬೇಕು ಅಂತ ತೋರಿಸಿಕೊಟ್ಟಿದ್ದು ಆ ಅಪ್ಪನೇ. ಗಂಡ ಹೆಂಡತಿ ಡ್ಯಾನ್ಸ್ ಹಾಲ್‌ಗೆ ಹೋಗೋವಾಗ ಮಗೂನೂ ಎತ್ಕೊಂಡು ಹೋಗೋರು, ಅಲ್ಲಿ ಮಿಣಮಿಣ ಅನ್ನೋ ಬಟ್ಟೆ ಹಾಕ್ಕೊಂಡು ಹಾಡೋ ಹೆಂಗಸರನ್ನ ನೋಡಿ ಈ ಮಗು ಅಲ್ಲೇ ತೀರ್ಮಾನ ಮಾಡ್ಕೊಂಡ್ಬಿಡ್ತು. ಆಮೇಲೆ ವಾಪಸ್ ಓಕ್ಲಹೋಮ ಸಿಟಿಗೆ ಬಂದ್ರು, ಒಂದು ಹಾಡಿನ ಸ್ಪರ್ಧೇಲಿ ಗೆದ್ದು ಲೋಕಲ್ ರೇಡಿಯೋದಲ್ಲಿ ಇವಳದೇ ಒಂದು ಪ್ರೋಗ್ರಾಂ ಸಿಕ್ತು. ಅದನ್ನ ಹ್ಯಾಂಕ್ ಥಾಮ್ಸನ್ ಅಂತ ಆಗಿನ ದೊಡ್ಡ ಕಂಟ್ರಿ ಗಾಯಕ ಕೇಳಿ ಫೋನ್ ಮಾಡ್ತಾನೆ, ಶನಿವಾರ ನಮ್ಮ ಬ್ಯಾಂಡ್ ಜೊತೆ ಹಾಡ್ತೀಯಾ ಅಂತ. ಇವಳು ಏನಂದ್ಲು ಗೊತ್ತಾ, ಹಾಡೋಕೆ ಆಸೆ, ಆದ್ರೆ ಅಮ್ಮನ್ನ ಕೇಳ್ಬೇಕು ಅಂದ್ಲು. ಆಗಲೇ ಅವನಿಗೆ ಗೊತ್ತಾಗಿದ್ದು ಫೋನಲ್ಲಿರೋದು ಸ್ಕೂಲ್ ಹುಡುಗಿ ಅಂತ.

ನೀನು ಕೇಳಿದ್ಯಲ್ಲ, ಮನೇಲಿ ಹೆಂಗೆ ಬಿಟ್ರು ಅಂತ. ಬಿಡೋದೇನು, ಮನೆಯೋರೇ ಹೊತ್ಕೊಂಡು ಹೋಗಿದ್ದು. ರಾಕಬಿಲಿ ರಾಣಿ ಅಂತ ಕರೀತಾರೆ ಅಂದ ತಕ್ಷಣ ನಮ್ಮ ತಲೇಲಿ ಮನೆ ಬಿಟ್ಟು ಓಡಿಹೋದ ಹುಡುಗಿ ಚಿತ್ರ ಬರುತ್ತೆ. ಅಲ್ಲ. ಅಪ್ಪ ಕೆಲಸ ಬಿಟ್ಟು ಮಗಳ ಮ್ಯಾನೇಜರ್ ಆದ, ಊರಿಂದೂರಿಗೆ ಕಾರು ಓಡಿಸಿದ, ಸ್ಟೇಜ್ ಪಕ್ಕ ಕಾವಲು ನಿಂತ. ಅಮ್ಮ ನೆಲ್ಲಿ ಮನೇಲಿ ಕೂತು ಸ್ಟೇಜ್ ಬಟ್ಟೆ ಹೊಲಿದ್ಲು. ಆಗಿನ ಕಂಟ್ರಿ ಗಾಯಕಿಯರು ಅಂದ್ರೆ ಅಗಲದ ಸ್ಕರ್ಟು, ಕೌಗರ್ಲ್ ಬೂಟು, ಟೋಪಿ. ಇವಳಿಗೆ ಅದು ಬೇಡವಾಗಿತ್ತು. ಮೈಗೆ ಅಂಟಿದಂಥ ಉಡುಪು, ಅದರ ತುಂಬ ರೇಷ್ಮೆ ದಾರದ ಜಾಲರಿ, ಕಲ್ಲು ಕೂರಿಸಿದ ಪಟ್ಟಿ. ಹೆಂಗಿರಬೇಕು ಅಂತ ಚಿತ್ರ ಬರೆದುಕೊಡೋದು ಮಗಳು, ಹೊಲಿಯೋದು ತಾಯಿ. ಆ ಜಾಲರೀಲಿ ಒಂದು ಉಪಾಯ ಇದೆ, ಸುಮ್ನೆ ಭುಜ ಒಂಚೂರು ಅಲ್ಲಾಡಿಸಿದ್ರೂ ಇಡೀ ಬಟ್ಟೆ ಕುಣಿಯುತ್ತೆ, ಹಾಡೋಳು ತಾನು ಅಷ್ಟಾಗಿ ಕುಣೀಬೇಕಾಗಿಲ್ಲ.

ಇನ್ನು ನಿನ್ನ ಸೀರೆ ವಿಷಯ. ಇದನ್ನ ಕೇಳು. ನ್ಯಾಶ್ವಿಲ್‌ನಲ್ಲಿ ಗ್ರ್ಯಾಂಡ್ ಓಲ್ ಓಪ್ರಿ ಅಂತ ಒಂದು ರೇಡಿಯೋ ಸ್ಟೇಜ್ ಶೋ ಇದೆ, ಕಂಟ್ರಿ ಹಾಡೋರಿಗೆ ಅದೇ ಕಾಶಿ ರಾಮೇಶ್ವರ. ಅಲ್ಲಿಂದ ಇವಳಿಗೆ ಕರೆ ಬಂತು. ತಾಯಿ ಮಗಳು ಸೇರಿ ಅದಕ್ಕೆ ಅಂತಲೇ ಹೊಸ ಬಟ್ಟೆ ಮಾಡಿದ್ರು, ಸಣ್ಣ ಪಟ್ಟಿ ಇರೋ, ಭುಜ ಕಾಣೋ ಥರದ್ದು. ಇನ್ನೇನು ಸ್ಟೇಜ್ ಹತ್ತಬೇಕು, ಅರ್ನೆಸ್ಟ್ ಟಬ್ ಅನ್ನೋ ಹಿರಿಯ ಗಾಯಕ ಬಂದು, ಭುಜ ಬಿಟ್ಕೊಂಡು ಇಲ್ಲಿ ಹೆಂಗಸರು ಹಾಡಂಗಿಲ್ಲ, ಮುಚ್ಕೊಂಡು ಬಾ ಇಲ್ಲಾಂದ್ರೆ ಹಾಡೋಕಾಗಲ್ಲ ಅಂದ್ರು. ಬೇರೆ ದಾರಿ ಇಲ್ಲ, ಒಂದು ಚರ್ಮದ ಜಾಕೆಟ್ ಏರಿಸ್ಕೊಂಡು ಅಳ್ತಾ ಹೋಗಿ ಹಾಡಿದ್ಲು. ಇಳಿದು ಬಂದು ಅಪ್ಪನಿಗೆ ಹೇಳಿದ್ದು ಇಷ್ಟೇ, ನಡಿ ಮನೆಗೆ, ಇನ್ನು ಈ ಜಾಗಕ್ಕೆ ಬರಲ್ಲ. ಆ ಅಪ್ಪ ಸಹ 'ಅವರು ಹೇಳಿದ್ರಲ್ಲಿ ತಪ್ಪೇನು' ಅನ್ನಲಿಲ್ಲ ಅನ್ನೋದನ್ನ ಬೇಕಾದ್ರೆ ನಿಮ್ಮಮ್ಮಂಗೆ ಓದಿ ಹೇಳು.

ಬಟವಾಡಿ ಬಾಸ್:

ಮೇಷ್ಟ್ರು ಕಥೆ ಹೇಳಿದ್ರು, ನಾನು ಸದ್ದಿನ ವಿಷಯ ಹೇಳ್ತೀನಿ ಯಾಕೆ ಅಂದ್ರೆ ರಾಕಬಿಲಿ ಅಂದ್ರೆ ಹಳೇ ರಾಕು ಅನ್ನೋ ಮಾತು ಕೇಳಿ ಸುಮ್ನೆ ಕೂರೋಕಾಗಲಿಲ್ಲ, ಹದಿನೈದು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸ್ತಿದೀನಿ. ಹೆಸರು ಬಿಡಿಸಿ ನೋಡಿ, ರಾಕ್ ಪ್ಲಸ್ ಹಿಲ್‌ಬಿಲಿ. ಹಿಲ್‌ಬಿಲಿ ಅಂದ್ರೆ ಗುಡ್ಡಗಾಡಿನ ಬಡ ಬಿಳಿ ಜನರನ್ನ ಪೇಟೆಯೋರು ಹೀಯಾಳಿಸಿ ಕರೀತಿದ್ದ ಹೆಸರು, ಅವರ ಹಾಡನ್ನೂ ಹಂಗೇ ಕರೆದ್ರು. ಅದಕ್ಕೆ ಕಪ್ಪು ಜನರ ಬ್ಲೂಸ್ ಲಯ ಬೆರೆಸಿದ್ರೆ ರಾಕಬಿಲಿ. 1954ರಲ್ಲಿ ಮೆಂಫಿಸ್ ಊರಿನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್, ಸ್ಕಾಟಿ ಮೂರ್, ಬಿಲ್ ಬ್ಲ್ಯಾಕ್ ಮೂರೇ ಜನ ಸೇರಿ ರೆಕಾರ್ಡ್ ಮಾಡಿದ್ರಲ್ಲ, ಅದರಲ್ಲಿ ಡ್ರಮ್ಸೇ ಇಲ್ಲ! ಮತ್ತೆ ಆ ಟಕಟಕ ಎಲ್ಲಿಂದ ಅಂದ್ರೆ ನಿಂತ್ಕೊಂಡು ನುಡಿಸೋ ಆಳೆತ್ತರದ ಬಾಸ್ ಇರುತ್ತಲ್ಲ, ಅದರ ತಂತಿ ಎಳೆದು ಬಿಟ್ರೆ ಹಿಂದಿನ ಮರದ ಪಟ್ಟಿಗೆ ಪಟ್ ಅಂತ ಬಡಿಯುತ್ತೆ, ಆಮೇಲೆ ಅಂಗೈಯಲ್ಲಿ ಇನ್ನೊಂದು ಏಟು. ಒಬ್ಬನೇ ಬಾಸೂ ಡ್ರಮ್ಮೂ ಎರಡೂ. ನಮ್ಮ ಕಡೆ ತಮಟೆ ಹೊಡೆಯೋರಿಗೆ ಇದನ್ನ ವಿವರಿಸೋದೇ ಬೇಡ, ಒಂದು ಸಲ ಕೇಳಿದ್ರೆ ಸಾಕು ಎಲ್ಲಿ ಏಟು ಬೀಳುತ್ತೆ ಅಂತ ಹೇಳ್ತಾರೆ.

ಎರಡನೇದು ಎಕೋ. ಆಗ ಕಾಲಲ್ಲಿ ಒತ್ತಿ ಸದ್ದು ಬದಲಾಯಿಸೋ ಪೆಡಲ್ ಎಲ್ಲ ಎಲ್ಲಿ, ಎರಡು ಟೇಪ್ ಮೆಷಿನ್ ಇಟ್ಕೊಂಡು ಒಂದರ ಸದ್ದನ್ನ ಇನ್ನೊಂದರಿಂದ ಒಂಚೂರು ತಡವಾಗಿ ವಾಪಸ್ ಸೇರಿಸೋರು. ಬಾವಿಯೊಳಗೆ ಬಗ್ಗಿ ಕೂಗಿದಂಗಲ್ಲ, ಅದು ಉದ್ದ ಆಯ್ತು, ಖಾಲಿ ರೂಮಲ್ಲಿ ಚಪ್ಪಾಳೆ ತಟ್ಟಿದ್ರೆ ಗೋಡೆಯಿಂದ ಒಂದೇ ಒಂದು ಸಲ ವಾಪಸ್ ಬರುತ್ತಲ್ಲ ಹಂಗೆ. ಶಿರಾಗೇಟ್ ತಂಗಿ, ನಿಂಗೆ ಡಿಲೇ ಪೆಡಲ್ ಇದ್ರೆ ಟೈಮ್ ನೂರರಿಂದ ನೂರಮೂವತ್ತು ಮಿಲಿಸೆಕೆಂಡ್ ಒಳಗೆ ಇಡು, ರಿಪೀಟ್ ಒಂದೇ ಒಂದು, ಡ್ರೈವ್ ಜಾಸ್ತಿ ಬೇಡ. ನಮ್ಮ ಸೌಂಡಿನೋರು ಹಾಕೋ ಹಾಲ್ ರಿವರ್ಬ್, ದೊಡ್ಡ ಹಾಲಲ್ಲಿ ಮೊಳಗಿದಂಗೆ ಉದ್ದ ಎಳೆಯೋದು, ಇದೆಯಲ್ಲ, ಅದನ್ನ ಹಾಕಿದ್ರೋ ರಾಕಬಿಲಿ ಹೋಗಿ ಶಾಮಿಯಾನದ ಭಕ್ತಿಗೀತೆ ಆಗುತ್ತೆ, ಮೊದಲೇ ಹೇಳಿಬಿಡು ಅವರಿಗೆ.

ಇನ್ನೊಂದು, ವಾಂಡಾ ಬ್ಯಾಂಡಲ್ಲಿ ಯಾರ್ಯಾರಿದ್ರು ನೋಡಿ. 1958ರ ಸೆಷನ್‌ನಲ್ಲಿ ಪಿಯಾನೋಗೆ ಬಿಗ್ ಅಲ್ ಡೌನಿಂಗ್, ಕಪ್ಪು ಜನಾಂಗದೋರು. ಕಪ್ಪು ಬಿಳಿ ಒಟ್ಟಿಗೆ ಕೂತು ಊಟ ಮಾಡೋಂಗಿಲ್ಲ ಅನ್ನೋ ಊರುಗಳಲ್ಲಿ ಇವರು ಒಂದೇ ಸ್ಟೇಜ್ ಮೇಲೆ ನುಡಿಸಿದ್ದು. ಆಮೇಲೆ ಗಿಟಾರ್‌ಗೆ ರಾಯ್ ಕ್ಲಾರ್ಕ್ ಬಂದ್ರು, ಅವರು ಮುಂದೆ ತಾವೇ ದೊಡ್ಡ ಹೆಸರು ಮಾಡಿದ್ರು. ಆಳು ಆರಿಸೋ ಕಣ್ಣಿತ್ತು ಈಯಮ್ಮಂಗೆ.

ಚಿಂತಾಮಣಿ ಚಿತ್ರಾನ್ನ:

ಸರಿ ಸರಿ ತಪ್ಪಾಯ್ತು. ಆದ್ರೆ ಎಲ್ವಿಸ್ ಉಂಗುರ ಕೊಟ್ಟಿದ್ದು ನಿಜ ತಾನೇ? ಎಲ್ಲೋ ಓದಿದ್ದೆ.

ನಿಟ್ಟೂರು ಮೇಷ್ಟ್ರು:

ಕೊಟ್ಟಿದ್ದು ನಿಜ, ಇವಳು ಅದನ್ನ ಸರಕ್ಕೆ ಪೋಣಿಸಿ ಕತ್ತಿಗೆ ಹಾಕ್ಕೊಂಡಿದ್ದೂ ನಿಜ. ಆದ್ರೆ ಉಂಗುರಕ್ಕಿಂತ ದೊಡ್ಡದು ಇನ್ನೊಂದು ಕೊಟ್ಟ ಸ್ವಾಮಿ. ಬರೀ ಕಂಟ್ರಿ ಹಾಡ್ಕೊಂಡು ಕೂರಬೇಡ, ಈ ಹೊಸ ಥರದ್ದೂ ಹಾಡು, ನಿನ್ನ ಕೈಲಿ ಆಗುತ್ತೆ ಅಂತ ಹುರಿದುಂಬಿಸಿದ, ಮೆಂಫಿಸ್‌ನ ತನ್ನ ಮನೆಗೆ ಕರ್ಕೊಂಡು ಹೋಗಿ ಪ್ಲೇಟ್ ಹಾಕಿ ಕೇಳಿಸಿದ. ಅವಳಿಗೆ ಅನುಮಾನ, ನಾನು ಹುಡುಗಿ, ಕಂಟ್ರಿ ಹಾಡೋಳು, ಇದೆಲ್ಲ ಆಗುತ್ತಾ ಅಂತ. ಅಪ್ಪನೂ ಹೌದು ಹಾಡು ಅಂದ.

ರೆಕಾರ್ಡ್ ಕಂಪನಿ ಕಡೆಯೋರ ಕಥೆ ಇನ್ನೂ ಚೆಂದ. ಹ್ಯಾಂಕ್ ಥಾಮ್ಸನ್ ಮೊದಲು ಇವಳನ್ನ ಶಿಫಾರಸು ಮಾಡಿದ್ದು ಕ್ಯಾಪಿಟಲ್ ಕಂಪನಿಗೆ. ಅಲ್ಲಿದ್ದ ಕೆನ್ ನೆಲ್ಸನ್, ಹುಡುಗಿಯರ ರೆಕಾರ್ಡ್ ಮಾರಾಟ ಆಗಲ್ಲ ಅಂತ ವಾಪಸ್ ಕಳಿಸಿದ್ರು. ಡೆಕ್ಕಾ ಅನ್ನೋ ಇನ್ನೊಂದು ಕಂಪನಿಯೋರು ತಗೊಂಡ್ರು. ಎರಡು ವರ್ಷ ಆದ್ಮೇಲೆ, 1956ರಲ್ಲಿ, ಅದೇ ಕ್ಯಾಪಿಟಲ್, ಅದೇ ನೆಲ್ಸನ್ ಇವಳನ್ನ ಸೇರಿಸ್ಕೊಂಡ್ರು.

ಹಂಗಂತ ರಾಕಬಿಲಿ ಹಾಡಿದ್ದೆಲ್ಲ ಗೆದ್ದಿತು ಅಂದ್ಕೋಬೇಡಿ. ಅವಳ ಊರಲ್ಲೇ ರೇಡಿಯೋದೋರು ಮೂಗು ಮುರಿದ್ರು, ಕಂಟ್ರಿಯೋರಿಗೆ ಇದು ಗಲಾಟೆ, ರಾಕ್‌ನೋರಿಗೆ ಇವಳು ಹೆಂಗಸು. ಫುಜಿಯಾಮಾ ಮಾಮಾ ಅನ್ನೋ ಹಾಡು ಅಮೆರಿಕದ ಪಟ್ಟೀಲಿ ಎಲ್ಲೂ ಕಾಣಲಿಲ್ಲ. ಅದರಲ್ಲಿ ಹಿರೋಷಿಮಾ ನಾಗಸಾಕಿ ಹೆಸರೆಲ್ಲ ಬರುತ್ತೆ, ಈಗ ಕೇಳಿದ್ರೆ ನಂಗೆ ಮುಜುಗರವೇ ಆಗುತ್ತೆ, ಆದ್ರೆ ಹೋಗಿ ಹೋಗಿ ಜಪಾನಲ್ಲೇ ಅದು ನಂಬರ್ ಒನ್! 1959ರಲ್ಲಿ ಅಲ್ಲಿಗೆ ಟೂರ್ ಹೋದ್ರೆ ರಾಜೋಪಚಾರ. ಲೆಟ್ಸ್ ಹ್ಯಾವ್ ಎ ಪಾರ್ಟಿ 1958ರಲ್ಲಿ ಹಾಡಿದ್ದು, ಹಲವು ಹಾಡಿರೋ ದೊಡ್ಡ ಪ್ಲೇಟ್, ಎಲ್ಪಿ ಅಂತಾರಲ್ಲ, ಅದರೊಳಗೆ ಸುಮ್ನೆ ಬಿದ್ದಿತ್ತು. ಅಯೋವಾ ರಾಜ್ಯದ ಯಾವನೋ ರೇಡಿಯೋ ಡಿಜೆ ಅದನ್ನ ತನ್ನ ಪ್ರೋಗ್ರಾಂ ಶುರುವಾಗೋಕೆ ಹಾಕ್ತಿದ್ದ, ಕೇಳೋರು ಇದು ಯಾರ ಹಾಡು ಅಂತ ಫೋನ್ ಮಾಡೋಕೆ ಶುರು ಮಾಡಿದ್ರು, ಕಂಪನಿಯೋರು 1960ರಲ್ಲಿ ಅದನ್ನೇ ಬೇರೆ ಪ್ಲೇಟ್ ಮಾಡಿ ಸಿಂಗಲ್ ಅಂತ ಬಿಟ್ರು, ಪಾಪ್ ಪಟ್ಟೀಲಿ 37ಕ್ಕೆ ಬಂತು. ರಾಕ್‌ನಲ್ಲಿ ಅವಳಿಗೆ ಸಿಕ್ಕ ದೊಡ್ಡ ಹಿಟ್ ಅದೇ. ಆ ಹೊತ್ತಿಗೆ ಕಾಲ ಬದಲಾಗಿತ್ತು, ಮುಂದಿನ ವರ್ಷ ತಾನೇ ಬರೆದ ಒಂದು ನಿಧಾನದ ಕಂಟ್ರಿ ಹಾಡು ಕಂಟ್ರಿ ಪಟ್ಟೀಲಿ ಮೊದಲ ಹತ್ತರೊಳಗೆ ಹೋಯ್ತು, ಹೊಟ್ಟೆಪಾಡು ಅಲ್ಲಿಗೆ ತಿರುಗ್ತು.

ಆಂಡರ್ಸನ್‌ಪೇಟೆ ಅಣ್ಣ:

ನಾನು ಕೆಜಿಎಫ್‌ನೋನು, ವಯಸ್ಸು ಎಪ್ಪತ್ತು ದಾಟಿದೆ, ಕನ್ನಡ ಟೈಪಿಂಗ್ ನಿಧಾನ, ತಪ್ಪಿದ್ರೆ ಕ್ಷಮಿಸಿ. ನಮ್ಮಪ್ಪ ಚಾಂಪಿಯನ್ ರೀಫ್ ಗಣೀಲಿ ಕೆಲಸ. ನಮ್ಮ ಲೈನ್ ಮನೆಗಳ ಆಚೆ ಆಂಗ್ಲೋ ಇಂಡಿಯನ್ ಕುಟುಂಬಗಳ ಬಂಗಲೆ ಇತ್ತು. ಡಿಸೆಂಬರ್ ಬಂತು ಅಂದ್ರೆ ಅವರಲ್ಲಿ ಡ್ಯಾನ್ಸು, ನಾವು ಹುಡುಗರು ಕಾಂಪೌಂಡ್ ಹತ್ತಿ ಕೂರೋದು. ಈ ಹುಡುಗಿ ಹಾಕಿದ ವಿಡಿಯೋ ಹೆಸರು ನೋಡಿ ನಾನೂ ಹುಡುಕಿ ಕೇಳಿದೆ. ಹಾಡು ಮುಂಚೆ ಕೇಳಿದ್ನೋ ಇಲ್ವೋ ನೆನಪಿಲ್ಲ, ಆ ಟಕಟಕ ಲಯ ಮಾತ್ರ ಕಾಲಿಗೆ ನೆನಪಿದೆ. ರೇಡಿಯೋ ಸಿಲೋನ್‌ನಲ್ಲಿ ಇಂಗ್ಲಿಷ್ ಹಾಡು ಬರೋದು, ಜೈವ್ ಅನ್ನೋ ಜೋಡಿ ಡ್ಯಾನ್ಸ್ ಕುಣಿಯೋರು. ಪಕ್ಕದ ಬೀದೀಲಿ ಒಬ್ರು ಆಂಟಿ ಇದ್ರು, ಗಿಟಾರ್ ಇಟ್ಕೊಂಡಿದ್ರು, ಭಾನುವಾರ ಚರ್ಚಲ್ಲಿ ಹಾಡೋದು, ಶನಿವಾರ ಕ್ಲಬ್‌ನಲ್ಲಿ ಹಾಡೋದು, ಎರಡಕ್ಕೂ ಒಂದೇ ಗಿಟಾರ್. ಅವರನ್ನ ಯಾರೂ ಏನೂ ಕೇಳಿದ್ದು ನಾನು ಕಂಡಿಲ್ಲ. ಆಮೇಲೆ ಅವರ ಕಡೆಯೋರು ಬಹಳ ಜನ ಆಸ್ಟ್ರೇಲಿಯಾ ಸೇರ್ಕೊಂಡ್ರು. 2001ರಲ್ಲಿ ಗಣಿನೇ ಮುಚ್ಚಿತು. ಈಗ ಬಂಗಲೆ ಕಾಂಪೌಂಡಲ್ಲಿ ಸೀಮೆಜಾಲಿ ಬೆಳೆದಿದೆ. ಕೋಲಾರದ ಕಡೆ ಈ ಸಂಗೀತ ಹೊಸದಲ್ಲ ಕಣಮ್ಮ, ಅಷ್ಟು ಹೇಳೋಣ ಅಂತ.

ಮುಳಬಾಗಿಲು ಮಂಜಕ್ಕ:

ಎಲ್ರೂ ವಾಂಡಾ ವಾಂಡಾ ಅಂತೀರಲ್ಲ, ಜಾನಿಸ್ ಮಾರ್ಟಿನ್ ಬಗ್ಗೆ ಒಬ್ರೂ ಹೇಳಲಿಲ್ಲ. ವರ್ಜೀನಿಯಾದ ಹುಡುಗಿ, 1940ರಲ್ಲಿ ಹುಟ್ಟಿದ್ದು, ಹದಿನೈದಕ್ಕೆಲ್ಲ ಆರ್‌ಸಿಎ ಕಂಪನಿ ಹಿಡ್ಕೊಂಡು ಹೆಣ್ಣು ಎಲ್ವಿಸ್ ಅಂತ ಬೋರ್ಡ್ ಹಾಕಿ ಮೆರೆಸಿದ್ರು. ಹುಡುಗಿ ಆಗಲೇ ಒಬ್ಬ ಸೈನಿಕನ್ನ ಗುಟ್ಟಾಗಿ ಮದುವೆ ಆಗಿದ್ಲು. ಆಮೇಲೆ ಬಸುರಿ ಆದ್ಲು, ವಿಷಯ ಹೊರಗೆ ಬಂತು, ಸ್ವೀಟ್ ಟೀನೇಜರ್ ಅಂತ ಮಾರೋಕೆ ಹೊರಟಿದ್ದ ಕಂಪನಿಯೋರು 1958ರಲ್ಲಿ ಕೈ ಬಿಟ್ರು. ಹದಿನೆಂಟಕ್ಕೆ ಕಥೆ ಮುಗೀತು. ಅದೇ ವರ್ಷಗಳಲ್ಲಿ ಹಾಡ್ತಿದ್ದ ಗಂಡಸರಲ್ಲಿ ಮದುವೆ ಆದೋರು, ಮಕ್ಕಳಿದ್ದೋರು ಎಷ್ಟು ಜನ ಇರಲಿಲ್ಲ, ಅವರ ಬೋರ್ಡ್ ಯಾರೂ ಇಳಿಸಲಿಲ್ಲ. ದನಿಯ ಲೆಕ್ಕದಲ್ಲಿ ನಂಗೆ ಇಬ್ರಲ್ಲಿ ಜಾನಿಸ್ಸೇ ಇಷ್ಟ, ಬೈದ್ರೂ ಪರವಾಗಿಲ್ಲ.

ಮೇಷ್ಟ್ರು ಅಪ್ಪ ಅಮ್ಮ ಹೊತ್ಕೊಂಡು ಹೋದ್ರು ಅಂತ ಹೊಗಳಿದ್ರು, ಒಪ್ಕೋತೀನಿ. ಆದ್ರೆ ಅದರ ಇನ್ನೊಂದು ಮುಖ ನೋಡಿ. ಪಕ್ಕದಲ್ಲಿ ಅಪ್ಪ ನಿಂತಿದ್ರೆ ಗುರುಗುಟ್ಟಿ ಹಾಡಬಹುದು. ಒಬ್ಳೇ ಹೋದ್ರೆ? ನಾನೂ ಹರಿಕಥೆಗೆ ಹಾರ್ಮೋನಿಯಂ ನುಡಿಸ್ತಾ ಊರೂರು ತಿರುಗಿದೋಳು, ನನ್ನ ಜೊತೆ ಯಾವಾಗ್ಲೂ ತಮ್ಮ ಇರಬೇಕಿತ್ತು, ಅವನಿಗೆ ಸಂಗೀತದ ಗಂಧ ಗಾಳಿ ಇಲ್ಲ, ಕಥೆ ಮುಗಿಯೋ ತನಕ ಪೆಟ್ಟಿಗೆ ಮೇಲೆ ತಲೆ ಇಟ್ಟು ನಿದ್ದೆ ಹೊಡೀತಿದ್ದ. ಅವನಿಗೆ ಜ್ವರ ಬಂದ್ರೆ ನನ್ನ ಪ್ರೋಗ್ರಾಂ ಕ್ಯಾನ್ಸಲ್.

ನಿಟ್ಟೂರು ಮೇಷ್ಟ್ರು:

ಮಂಜಕ್ಕ, ನೀವು ಹೇಳಿದ್ದು ಸರಿಯಾಗಿ ನಾಟ್ತು. ನಮ್ಮ ಗುಬ್ಬಿ ಕಂಪನಿಯಲ್ಲೂ ನೋಡಿ, ಮೀಸೆ ಬೋಳಿಸ್ಕೊಂಡು ಗಂಡಸರೇ ಸೀತೆ ದ್ರೌಪದಿ ಆಗ್ತಿದ್ದ ರಂಗಭೂಮಿಗೆ ಬಿ. ಜಯಮ್ಮನಂಥೋರು ಬಂದು ಹಾಡಿ ಹೆಸರು ಮಾಡಿದ್ರು ಅಂದ್ರೆ ಅದಕ್ಕೆ ಕಂಪನಿಯೇ ಒಂದು ಮನೆ ಆಗಿತ್ತು. ವಾಂಡಾಗೂ ಅಪ್ಪ ಆದ್ಮೇಲೆ ಗಂಡ. 1961ರಲ್ಲಿ ವೆಂಡೆಲ್ ಗುಡ್‌ಮನ್ ಜೊತೆ ಮದುವೆ, ಆತ ಐಬಿಎಂನಲ್ಲಿ ಪ್ರೋಗ್ರಾಮರ್, ಆ ಕೆಲಸ ಬಿಟ್ಟು ಹೆಂಡತಿ ಪ್ರೋಗ್ರಾಂ ನೋಡ್ಕೊಳ್ಳೋಕೆ ನಿಂತ. ನಮ್ಮೂರಲ್ಲಿ ದಿನಾ ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಓಡೋ ಸಾಫ್ಟ್‌ವೇರ್ ಹುಡುಗರಿಗೆ ಇದನ್ನ ಹೇಳಿದ್ರೆ ನಗ್ತಾರೆ.

ಆಮೇಲೆ ಏನಾದ್ರು ಅಂತ ಕೇಳಿದ್ಯಲ್ಲ ಮಗಳೇ, ಚಿಕ್ಕದಾಗಿ ಹೇಳ್ತೀನಿ. 1971ರ ಸುಮಾರಿಗೆ ದಂಪತಿ ಪೂರಾ ದೇವರ ಕಡೆ ತಿರುಗಿದ್ರು, ಚರ್ಚುಗಳಲ್ಲಿ ಭಕ್ತಿಗೀತೆ. ರಾಕಬಿಲಿ ಮರೆತೇಹೋಯ್ತು ಅನ್ನೋ ಹೊತ್ತಿಗೆ ಯುರೋಪಿನ ಹುಡುಗರು ಹಳೇ ಪ್ಲೇಟ್ ಹುಡುಕಿಕೊಂಡು ಬಂದ್ರು, ಎಂಬತ್ತರ ದಶಕದಲ್ಲಿ ಸ್ವೀಡನ್ನಿಂದ ಕರೆ ಬಂತು, ಮತ್ತೆ ಆ ಹಾಡು ಶುರು. 1995ರಲ್ಲಿ ರೋಸಿ ಫ್ಲೋರೆಸ್ ಅನ್ನೋ ಗಾಯಕಿ ತನ್ನ ಆಲ್ಬಂನಲ್ಲಿ ಹಾಡಿಸಿ ಅಮೆರಿಕದ ಕ್ಲಬ್ಬುಗಳಿಗೆ ವಾಪಸ್ ಕರ್ಕೊಂಡು ಬಂದ್ರು. ಐವತ್ತೇಳನೇ ವಯಸ್ಸಲ್ಲಿ! 2009ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ಗೌರವ ಸಿಕ್ತು, 2011ರಲ್ಲಿ ರಾಕ್ ಗಾಯಕ ಜಾಕ್ ವೈಟ್ ಜೊತೆ ಆಲ್ಬಂ. 2017ರಲ್ಲಿ ಗಂಡ ತೀರ್ಕೊಂಡ್ರು. 2019ರಲ್ಲಿ ಸ್ಟೇಜ್ ಬಿಟ್ಟರು, ಆದ್ರೂ 2021ರಲ್ಲಿ ರಾಕ್ ಗಾಯಕಿ ಜೋನ್ ಜೆಟ್‌ನ ಸೇರಿಸ್ಕೊಂಡು ಇನ್ನೊಂದು ಆಲ್ಬಂ ಬಂತು. ಆಗ ವಯಸ್ಸು ಎಂಬತ್ಮೂರು.

ಶಿರಾಗೇಟ್ ಹುಡುಗಿ:

ಇಷ್ಟೊಂದು ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಬಟವಾಡಿ ಅಣ್ಣ, ನೂರಿಪ್ಪತ್ತಕ್ಕೆ ಇಟ್ಟೆ, ಒಂದೇ ರಿಪೀಟು, ಮೊದಲನೇ ಸ್ಟ್ರೋಕ್‌ಗೇ ಮೈ ಜುಮ್ ಅಂತು, ಪಕ್ಕದ ಮನೆಯೋರು ಬಾಗಿಲು ಬಡಿದ್ರು. ಮಂಜಕ್ಕ, ನೀವು ಹೇಳಿದ ತಮ್ಮನ ಕಥೆ ಓದಿ ನಮ್ಮಪ್ಪ ನೆನಪಾದ್ರು. ಅವರು ಗೂಡ್ಸ್ ಆಟೋ ಓಡಿಸ್ತಾರೆ, ನಮ್ಮ ಆರ್ಕೆಸ್ಟ್ರಾದ ಸ್ಪೀಕರ್ ಸಾಗ್ಸೋದು ಅವರೇ. ಅವತ್ತು ಆ ಊರಿಂದ ವಾಪಸ್ ಬರೋವಾಗ ರಾತ್ರಿ ಎರಡು ಗಂಟೆ, ಏನೂ ಮಾತಾಡಲಿಲ್ಲ, ಗಿಟಾರ್ ಮೇಲಿದ್ದ ನೀರಿನ ಕಲೆನ ಮಾತ್ರ ತಮ್ಮ ಟವಲ್ ತಗೊಂಡು ಒರೆಸಿ, ಹಿಂದೆ ಬಾಕ್ಸ್ ಜೊತೆ ಹಾಕದೆ ಮುಂದೆ ನನ್ನ ತೊಡೆ ಮೇಲೆ ಇಟ್ರು. ನಾನು ಅದನ್ನ ಇವತ್ತಿನ ತನಕ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಅಮ್ಮಂಗೆ ಓಪ್ರಿ ಕಥೆ ಓದಿ ಹೇಳಿದೆ ಮೇಷ್ಟ್ರೇ. ಕಾಜಾ ಹಾಕ್ತಾ ಕೇಳಿಸ್ಕೊಂಡ್ರು, ನ್ಯಾಯ ಅನ್ಯಾಯ ಏನೂ ಹೇಳಲಿಲ್ಲ. ಮೊಬೈಲ್ ಇಸ್ಕೊಂಡು ವಿಡಿಯೋ ನಿಲ್ಸಿ ನಿಲ್ಸಿ ಮೂರು ಸಲ ನೋಡಿದ್ರು. ಆಮೇಲೆ, ಜಾಲರಿ ಒಂದೇ ಪೀಸಲ್ಲ, ಸಾಲು ಸಾಲಾಗಿ ಕೂರ್ಸವ್ರೆ, ಅದಕ್ಕೇ ಹಂಗೆ ಕುಣೀತೈತೆ ಅಂದ್ರು. ಅಷ್ಟು ಬಿಗಿ ಬಟ್ಟೇಲಿ ಉಸಿರು ತಗೊಂಡು ಹಾಡ್ಬೇಕು ಅಂದ್ರೆ ಪಕ್ಕದಲ್ಲಿ ಎಲ್ಲೋ ಬಟ್ಟೆ ಬಿಟ್ಟಿರ್ಬೇಕಂತೆ. ಯಾರ ಹತ್ರನಾದ್ರೂ ಆ ಡ್ರೆಸ್‌ನ ಹಿಂದಗಡೆ ಕಾಣೋ ಫೋಟೋ ಇದ್ರೆ ದಯವಿಟ್ಟು ಹಾಕಿ, ಜಿಪ್ಪು ಎಲ್ಲಿಟ್ಟವ್ರೆ ಅಂತ ಅವರು ನೋಡ್ಬೇಕಂತೆ.

ಚಿಂತಾಮಣಿ ಚಿತ್ರಾನ್ನ:

ಹುಡುಕ್ತಾ ಇದೀನಿ, ಸಿಕ್ಕಿದ್ ತಕ್ಷಣ ಹಾಕ್ತೀನಿ. ಅಮ್ಮಂಗೆ ಸ್ವಲ್ಪ ತಡ್ಕೊಳ್ಳೋಕೆ ಹೇಳು.